ಒಂದು ಡಿಶ್, ಹಲವು ಎಚ್‌ಡಿ ಬಾಕ್ಸ್‌ಗಳು: ಆಂಟಾಪ್ ಹಿಲ್‌ನ ಮನೆಗಳಲ್ಲಿ ಉಪಗ್ರಹ ಟಿವಿ

ಮನೆಯ ಒಂದೇ ಡಿಶ್ ಆಂಟೆನಾದಿಂದ ಎರಡು, ಮೂರು ಅಥವಾ ಹೆಚ್ಚು ಎಚ್‌ಡಿ ಸೆಟ್‌ಟಾಪ್ ಬಾಕ್ಸ್‌ಗಳಿಗೆ ಸಂಕೇತ ಒದಗಿಸುವ ವ್ಯವಸ್ಥೆಯ ಪರಿಚಯ ಈ ಲೇಖನದ ವಿಷಯ. ಪ್ರತಿ ಕೋಣೆಯವರೂ ತಮಗೆ ಬೇಕಾದ ವಾಹಿನಿಯನ್ನು ಬೇರೆ ಬೇರೆಯಾಗಿ ನೋಡುವಂತಿರಬೇಕು ಎಂಬುದು ಇಲ್ಲಿನ ಅಗತ್ಯ. ಅಂಗಡಿಯಲ್ಲಿ ಮಾತು ನಡೆಯುವುದು ಬಾಕ್ಸ್‌ನ ಬಗ್ಗೆ; ಆದರೆ ಫಲಿತಾಂಶವನ್ನು ನಿರ್ಧರಿಸುವುದು ಟೆರೇಸಿನ ಜಾಗ, ಡಿಶ್‌ನ ಮುಂದೆ ಕೂತು ಸಂಕೇತ ಹಿಡಿಯುವ ಎಲ್‌ಎನ್‌ಬಿ ಮತ್ತು ಅಲ್ಲಿಂದ ಕೋಣೆಗೆ ಇಳಿಯುವ ಕೇಬಲ್. ಈ ಮೂರನ್ನು ಸರಿಪಡಿಸದೆ ಬಾಕ್ಸ್ ಮಾತ್ರ ಹೊಸದು ತಂದವರಿಗೆ ಮೊದಲ ಮಳೆಯಲ್ಲೇ ತೊಂದರೆ ಕಾಣಿಸಿಕೊಳ್ಳುತ್ತದೆ.

ಆಂಟಾಪ್ ಹಿಲ್ ಮುಂಬೈಯ ಪೂರ್ವ ಬದಿಯಲ್ಲಿ ವಡಾಲಾ, ಸಯನ್ ಕೋಳಿವಾಡ ಮತ್ತು ಜಿಟಿಬಿ ನಗರಗಳಿಗೆ ಹೊಂದಿಕೊಂಡಿರುವ ಪ್ರದೇಶ. ಕೇಂದ್ರ ಸರ್ಕಾರಿ ನೌಕರರ ಸಿಜಿಎಸ್ ಕಾಲೊನಿಯ ಹಳೆಯ ಕಟ್ಟಡಗಳು, ಸಂಗಮ್ ನಗರ ಮತ್ತು ಕೋಕ್ರಿ ಆಗರ್‌ನ ಒತ್ತೊತ್ತಾದ ಮನೆಗಳು, ಅವುಗಳ ನಡುವೆ ಏಳುತ್ತಿರುವ ಪುನರ್ವಸತಿ ಗೋಪುರಗಳು ಎಲ್ಲವೂ ಇಲ್ಲಿ ನಡಿಗೆಯ ದೂರದಲ್ಲಿವೆ. ಚೆಂಬೂರಿನಿಂದ ಹೊರಟ ಮೋನೊರೈಲು 2019ರ ಮಾರ್ಚ್‌ನಿಂದ ಈ ಪ್ರದೇಶವನ್ನು ದಾಟಿ ಜೇಕಬ್ ಸರ್ಕಲ್‌ವರೆಗೆ ಓಡಿತು. ಕನ್ನಡಿಗರಿಗೂ ಇದು ಹೊಸ ಜಾಗವಲ್ಲ: ಪಕ್ಕದ ವಡಾಲಾದಲ್ಲಿ ನ್ಯಾಷನಲ್ ಕನ್ನಡ ಎಜ್ಯುಕೇಶನ್ ಸೊಸೈಟಿಯ ಶಾಲೆಯಿದೆ, ಮಾಟುಂಗಾದಲ್ಲಿ ಮೈಸೂರು ಅಸೋಸಿಯೇಶನ್ ಇದೆ. ಅಜ್ಜಿಗೆ ಕನ್ನಡ ಧಾರಾವಾಹಿ, ಮೊಮ್ಮಗನಿಗೆ ಕ್ರಿಕೆಟ್, ನೆರೆಯಿಂದ ಬಂದ ಸೊಸೆಗೆ ಮರಾಠಿ ಸುದ್ದಿ ಬೇಕಾಗುವ ಮನೆಗಳು ಇಲ್ಲಿ ಬಹಳ. ಎರಡನೆಯ ಬಾಕ್ಸ್‌ನ ಬೇಡಿಕೆ ಹುಟ್ಟುವುದು ಅಲ್ಲಿಂದಲೇ.

ಹಿನ್ನೆಲೆ

ಉಪಗ್ರಹದಿಂದ ನೇರವಾಗಿ ಟಿವಿ ನೋಡುವ ಪ್ರಯೋಗಕ್ಕೆ ಕರ್ನಾಟಕದಲ್ಲಿ ಹಳೆಯ ಬೇರಿದೆ. 1975–76ರ ಸೈಟ್ ಯೋಜನೆಯಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ತಲುಪಿತು. ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅವುಗಳಲ್ಲಿ ಸೇರಿದ್ದವು. ಮುಂಬೈಗೆ ಕೂಲಿ ಮತ್ತು ಕಟ್ಟಡ ಕೆಲಸಕ್ಕೆ ಬಂದ ಬಹಳಷ್ಟು ಕನ್ನಡ ಕುಟುಂಬಗಳ ಊರುಗಳೂ ಇದೇ ಸೀಮೆಯವು. ಮುಂದೆ ಇನ್ಸಾಟ್ ಸರಣಿಯ ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರ ಹಾಸನದಲ್ಲಿ ನೆಲೆಗೊಂಡಿತು.

ಮುಂಬೈಯಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1972ರ ಅಕ್ಟೋಬರ್ 2ರಂದು. 1991ರ ನಂತರ ಕೇಬಲ್‌ವಾಲಾಗಳ ಕಾಲ ಬಂತು: ದೊಡ್ಡ ಸಿ-ಬ್ಯಾಂಡ್ ಡಿಶ್ ಅವರ ಕಟ್ಟಡದ ಮೇಲಿರುತ್ತಿತ್ತು, ಮನೆಗೆ ಬರುತ್ತಿದ್ದುದು ಒಂದು ತಂತಿ ಮಾತ್ರ. 1994ರಲ್ಲಿ ಉದಯ ಟಿವಿ ಶುರುವಾದರೂ ಮುಂಬೈಯ ಯಾವ ಓಣಿಗೆ ಕನ್ನಡ ಸಿಗಬೇಕು ಎನ್ನುವುದು ಆ ಓಣಿಯ ಕೇಬಲ್‌ವಾಲಾನ ಕೈಯಲ್ಲಿತ್ತು. ಸಣ್ಣ ಡಿಶ್‌ನಿಂದ ನೇರ ಮನೆಗೆ ಬರುವ ಕೆಯು-ಬ್ಯಾಂಡ್ ಡಿಟಿಎಚ್ ಸೇವೆಯನ್ನು ಸರ್ಕಾರ 1997ರಲ್ಲಿ ನಿಷೇಧಿಸಿ, 2000ದ ಕೊನೆಗೆ ಒಪ್ಪಿ, 2001ರ ಮಾರ್ಚ್‌ನಲ್ಲಿ ನಿಯಮಾವಳಿ ಹೊರಡಿಸಿತು. 2003ರಲ್ಲಿ ಡಿಶ್ ಟಿವಿ, 2004ರ ಡಿಸೆಂಬರ್‌ನಲ್ಲಿ ದೂರದರ್ಶನದ ಉಚಿತ ಸೇವೆ ಡಿಡಿ ಡೈರೆಕ್ಟ್ ಪ್ಲಸ್ (ಇಂದಿನ ಫ್ರೀ ಡಿಶ್), 2006ರ ಆಗಸ್ಟ್‌ನಲ್ಲಿ ಟಾಟಾ ಸ್ಕೈ (2022ರಿಂದ ಟಾಟಾ ಪ್ಲೇ), 2008ರಲ್ಲಿ ಏರ್‌ಟೆಲ್ ಬಂದವು. ಊರಿನ ಭಾಷೆಯ ವಾಹಿನಿಯನ್ನು ಯಾರನ್ನೂ ಕೇಳದೆ ಆರಿಸಿಕೊಳ್ಳುವ ಅವಕಾಶ ಹೊರನಾಡ ಕನ್ನಡಿಗರಿಗೆ ಸಿಕ್ಕಿದ್ದು ಆಗಲೇ. ಮುಂಬೈಯ ಸಾಂಸ್ಕೃತಿಕ ಚರಿತ್ರೆ ಬರೆಯುವವರು ಈ ಸಂಗತಿಗೆ ಇನ್ನೂ ಹೆಚ್ಚು ಬೆಲೆ ಕೊಡಬೇಕು.

ಎಚ್‌ಡಿ ಡಿಟಿಎಚ್ 2010ರಲ್ಲಿ ಮನೆಗಳಿಗೆ ಬಂತು. ಅದೇ ವರ್ಷದ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟ ಎಚ್‌ಡಿಯಲ್ಲಿ ಪ್ರಸಾರವಾಯಿತು. ಮೊದಲ ವರ್ಷಗಳಲ್ಲಿ ವಾಹಿನಿಗಳ ಸಂಖ್ಯೆ ನಿಧಾನವಾಗಿ ಏರಿದ್ದಕ್ಕೆ ಮುಖ್ಯ ಕಾರಣ ಉಪಗ್ರಹದಲ್ಲಿ ವಾಹಿನಿಗಳನ್ನು ಸಾಗಿಸುವ ಟ್ರಾನ್ಸ್‌ಪಾಂಡರ್‌ಗಳ ಕೊರತೆ. ಒಂದು ಟ್ರಾನ್ಸ್‌ಪಾಂಡರ್ ಹೊಸ ಡಿವಿಬಿ-ಎಸ್2 ವಿಧಾನದಲ್ಲಿ ಸೆಕೆಂಡಿಗೆ ಸುಮಾರು 60 ಮೆಗಾಬಿಟ್ ಸಾಗಿಸಬಲ್ಲದು. ಒಂದು ಎಚ್‌ಡಿ ವಾಹಿನಿ ಹಲವು ಸಾಮಾನ್ಯ ವಾಹಿನಿಗಳ ಜಾಗವನ್ನು ನುಂಗುತ್ತದೆ. ಮುಂದೆ ಉಪಗ್ರಹಗಳು ಹೆಚ್ಚಿದಂತೆ ಕಲರ್ಸ್ ಕನ್ನಡ, ಜೀ ಕನ್ನಡ, ಸ್ಟಾರ್ ಸುವರ್ಣ, ಉದಯ ವಾಹಿನಿಗಳ ಎಚ್‌ಡಿ ರೂಪಗಳೂ ಬಂದವು.

ಆಂಟಾಪ್ ಹಿಲ್‌ನಿಂದ ಕಾಣುವ ಆಕಾಶ

ಟಿವಿ ಉಪಗ್ರಹಗಳೆಲ್ಲ ಸಮಭಾಜಕ ವೃತ್ತದ ಮೇಲೆ 35,786 ಕಿ.ಮೀ. ಎತ್ತರದಲ್ಲಿವೆ. ಆಂಟಾಪ್ ಹಿಲ್ ಸುಮಾರು 19 ಡಿಗ್ರಿ ಉತ್ತರ ಅಕ್ಷಾಂಶ, 72.9 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಭಾರತದ ಡಿಟಿಎಚ್ ಉಪಗ್ರಹಗಳೆಲ್ಲ ಇದಕ್ಕಿಂತ ಪೂರ್ವದ ರೇಖಾಂಶದವು. ಆದ್ದರಿಂದ ಇಲ್ಲಿನ ಪ್ರತಿ ಡಿಶ್‌ನ ಮುಖ ಆಗ್ನೇಯದ ಕಡೆಗೇ ಇರುತ್ತದೆ.

ಲೆಕ್ಕ ಹಾಕಿದರೆ, ಟಾಟಾ ಪ್ಲೇ ಬಳಸುವ 83 ಡಿಗ್ರಿಯ ಸ್ಥಾನಕ್ಕೆ ಡಿಶ್ ಉತ್ತರದಿಂದ ಪ್ರದಕ್ಷಿಣವಾಗಿ ಸುಮಾರು 151 ಡಿಗ್ರಿ ತಿರುಗಿ, ದಿಗಂತದಿಂದ 65 ಡಿಗ್ರಿ ಮೇಲೆ ನೋಡಬೇಕು. ಫ್ರೀ ಡಿಶ್ ಇರುವ ಜಿಸ್ಯಾಟ್-15, 93.5 ಡಿಗ್ರಿಯಲ್ಲಿದೆ, ಅದಕ್ಕೆ 131 ಮತ್ತು 58. ಡಿಶ್ ಟಿವಿಯ 95 ಡಿಗ್ರಿಗೆ 129 ಮತ್ತು 56. ಏರ್‌ಟೆಲ್ ಬಳಸುವ ಎಸ್‌ಇಎಸ್-7 ಇರುವ 108.2 ಡಿಗ್ರಿಗೆ 115 ಮತ್ತು 44. ಮುಂಬೈಯಲ್ಲಿ ದಿಕ್ಸೂಚಿ ತೋರುವ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಅಂತರ ತೀರ ಕಡಿಮೆ, ಹಾಗಾಗಿ ಫೋನಿನ ದಿಕ್ಸೂಚಿ ಸಾಕಾಗುತ್ತದೆ. ತಗಡಿನ ಚಾವಣಿಯ ಮೇಲೆ ನಿಂತು ನೋಡಿದರೆ ಮಾತ್ರ ಅದನ್ನು ನಂಬಬಾರದು. ಮನೆಗಳಲ್ಲಿ ಬಳಸುವ ಡಿಶ್ ಆಫ್‌ಸೆಟ್ ಮಾದರಿಯದು. ಅದರ ಮುಖ ನೋಡುವ ದಿಕ್ಕಿಗಿಂತ ಸಂಕೇತ ಸುಮಾರು 25 ಡಿಗ್ರಿ ಮೇಲಿನಿಂದ ಬರುತ್ತದೆ. ಆದ್ದರಿಂದಲೇ 65 ಡಿಗ್ರಿಯ ಉಪಗ್ರಹ ಹಿಡಿದ ಡಿಶ್ ಕೂಡ ಕಣ್ಣಿಗೆ 40 ಡಿಗ್ರಿಯಷ್ಟೇ ಮೇಲೆತ್ತಿದಂತೆ ಕಾಣುತ್ತದೆ.

ಈ ಅಂಕಿಗಳು ಆಂಟಾಪ್ ಹಿಲ್‌ನಂಥ ಜಾಗದಲ್ಲಿ ಬಹಳ ಬೆಲೆಯುಳ್ಳವು. ಎದುರಿನ ನಿವೇಶನದಲ್ಲಿ ನಿಮ್ಮ ಡಿಶ್‌ಗಿಂತ 75 ಮೀಟರ್ ಎತ್ತರಕ್ಕೆ ಗೋಪುರ ಎದ್ದಿತೆಂದುಕೊಳ್ಳಿ. 83 ಡಿಗ್ರಿಯ ಉಪಗ್ರಹ ನೋಡುವವರಿಗೆ ಅದು 35 ಮೀಟರ್ ಆಚೆಗಿದ್ದರೆ ಅಡ್ಡಿಯಿಲ್ಲ. 108.2 ಡಿಗ್ರಿಯದನ್ನು ನೋಡುವವರಿಗೆ ಕಡಿಮೆಯೆಂದರೂ 77 ಮೀಟರ್ ಅಂತರ ಬೇಕು. ಕಟ್ಟಡಗಳು ಒತ್ತಾಗಿರುವ ಕಡೆ ಯಾವ ಕಂಪನಿಯ ಸೇವೆ ಎಂಬುದನ್ನು ವಾಹಿನಿಗಳ ಪಟ್ಟಿ ನೋಡುವ ಮೊದಲು ಆಕಾಶ ನೋಡಿ ತೀರ್ಮಾನಿಸುವುದು ಜಾಣತನ. ಪಶ್ಚಿಮ ಅಥವಾ ಉತ್ತರಕ್ಕೆ ಮಾತ್ರ ಗ್ಯಾಲರಿ ಇರುವ ಮನೆಯವರಿಗೆ ಟೆರೇಸು ಬಿಟ್ಟರೆ ಬೇರೆ ದಾರಿಯಿಲ್ಲ.

ಪ್ರತಿ ಬಾಕ್ಸ್‌ಗೂ ತನ್ನದೇ ತಂತಿ ಏಕೆ

ಹಳೆಯ ಕೇಬಲ್ ಟಿವಿಯಲ್ಲಿ ಒಂದು ತಂತಿಯನ್ನು ಸ್ಪ್ಲಿಟರ್‌ನಿಂದ ಸೀಳಿ ನಾಲ್ಕು ಟಿವಿಗೆ ಕೊಡಬಹುದಿತ್ತು. ಎಲ್ಲ ವಾಹಿನಿಗಳೂ ಆ ತಂತಿಯಲ್ಲಿ ಒಟ್ಟಿಗೆ ಹರಿಯುತ್ತಿದ್ದವು. ಆ ಅಭ್ಯಾಸದಿಂದ ಡಿಟಿಎಚ್ ತಂತಿಗೂ ಹಾಗೆಯೇ ಮಾಡಲು ಹೋಗಿ ಸೋತವರು ಬಹಳ ಮಂದಿ. ಸೋಲಿಗೆ ಕಾರಣ ತಂತ್ರಜ್ಞಾನದಲ್ಲೇ ಇದೆ.

ಉಪಗ್ರಹ ತನ್ನ ಸಂಕೇತಗಳನ್ನು ಲಂಬ ಮತ್ತು ಅಡ್ಡ ಎಂಬ ಎರಡು ಧ್ರುವೀಕರಣಗಳಲ್ಲಿ ಕಳಿಸುತ್ತದೆ. ಒಂದೇ ಆವರ್ತನವನ್ನು ಎರಡು ಸಲ ಬಳಸಿಕೊಳ್ಳುವ ಉಪಾಯವಿದು. 10.7ರಿಂದ 12.75 ಗಿಗಾಹರ್ಟ್ಜ್‌ವರೆಗಿನ ಈ ಆವರ್ತನಗಳು ಸಾಮಾನ್ಯ ಕೇಬಲ್‌ನಲ್ಲಿ ಕೆಲವೇ ಮೀಟರ್‌ಗಳಲ್ಲಿ ಇಂಗಿಹೋಗುತ್ತವೆ. ಆದ್ದರಿಂದ ಎಲ್‌ಎನ್‌ಬಿ ಅವನ್ನು ಡಿಶ್‌ನ ಬಳಿಯೇ 950ರಿಂದ 2,150 ಮೆಗಾಹರ್ಟ್ಜ್‌ನ ಪಟ್ಟಿಗೆ ಇಳಿಸುತ್ತದೆ. ಯೂನಿವರ್ಸಲ್ ಎಲ್‌ಎನ್‌ಬಿಯಲ್ಲಿ ಕೆಳ ಬ್ಯಾಂಡ್‌ಗೆ 9,750 ಮೆಗಾಹರ್ಟ್ಜ್, ಮೇಲಿನ ಬ್ಯಾಂಡ್‌ಗೆ 10,600 ಮೆಗಾಹರ್ಟ್ಜ್ ಕಳೆಯಲಾಗುತ್ತದೆ: 11,090ರ ಸಂಕೇತ 1,340 ಆಗಿ ತಂತಿಗೆ ಬರುತ್ತದೆ. ಎರಡು ಧ್ರುವೀಕರಣ, ಎರಡು ಬ್ಯಾಂಡ್, ಒಟ್ಟು ನಾಲ್ಕು ಗುಂಪು. ಒಂದು ತಂತಿಗೆ ಒಮ್ಮೆಗೆ ಹಿಡಿಸುವುದು ಒಂದೇ ಗುಂಪು.

ಯಾವ ಗುಂಪು ಬೇಕೆಂದು ಹೇಳುವುದು ಬಾಕ್ಸ್. ಅದು ತಂತಿಯಲ್ಲಿ ಮೇಲಕ್ಕೆ 13 ವೋಲ್ಟ್ ಕಳಿಸಿದರೆ ಲಂಬ, 18 ವೋಲ್ಟ್ ಕಳಿಸಿದರೆ ಅಡ್ಡ. ಜೊತೆಗೆ 22 ಕಿಲೋಹರ್ಟ್ಜ್‌ನ ನಾದ ಸೇರಿಸಿದರೆ ಮೇಲಿನ ಬ್ಯಾಂಡ್. ವಾಹಿನಿ ಬದಲಿಸಿದಾಗಲೆಲ್ಲ ಈ ಆಜ್ಞೆ ಬದಲಾಗಬಹುದು. ಒಂದೇ ತಂತಿಯನ್ನು ಎರಡು ಬಾಕ್ಸ್‌ಗೆ ಸೀಳಿ ಕೊಟ್ಟಾಗ ಒಂದು 13 ಕೇಳುತ್ತಿರುತ್ತದೆ, ಇನ್ನೊಂದು 18 ಕೊಡುತ್ತಿರುತ್ತದೆ. ಹೆಚ್ಚಿನ ವೋಲ್ಟೇಜ್ ಗೆಲ್ಲುತ್ತದೆ, ಸೋತ ಬಾಕ್ಸ್‌ನಲ್ಲಿ ಸಂಕೇತವಿಲ್ಲ ಎಂಬ ಸೂಚನೆ ಬರುತ್ತದೆ. ಒಳಕೋಣೆಯ ಟಿವಿ ಹಾಲ್‌ನವರು ವಾಹಿನಿ ತಿರುಗಿಸಿದಾಗಲೆಲ್ಲ ಕಪ್ಪಾಗುತ್ತದೆ ಎಂಬ ದೂರು ಬಂದರೆ ದಾರಿಯಲ್ಲೆಲ್ಲೋ ಒಂದು ಸ್ಪ್ಲಿಟರ್ ಇದೆ ಎಂದೇ ತಿಳಿಯಬೇಕು.

ಇದಕ್ಕೆ ಪರಿಹಾರ ಮನೆಯ ಗಾತ್ರದ ಮೇಲಿದೆ. ಎರಡು ಬಾಕ್ಸ್‌ಗೆ ಎರಡು ಔಟ್‌ಪುಟ್‌ನ ಟ್ವಿನ್ ಎಲ್‌ಎನ್‌ಬಿ, ನಾಲ್ಕಕ್ಕೆ ಕ್ವಾಡ್, ಎಂಟಕ್ಕೆ ಆಕ್ಟೊ. ಇವುಗಳಲ್ಲಿ ಪ್ರತಿ ಔಟ್‌ಪುಟ್ ತನ್ನ ಬಾಕ್ಸ್‌ನ ಆಜ್ಞೆಯನ್ನು ಮಾತ್ರ ಕೇಳುತ್ತದೆ. ಎರಡು ಟ್ಯೂನರ್ ಇರುವ ರೆಕಾರ್ಡರ್ ಬಾಕ್ಸ್‌ಗಳಿಗೆ ಒಂದನ್ನು ನೋಡುತ್ತ ಇನ್ನೊಂದನ್ನು ಮುದ್ರಿಸಲು ಎರಡು ತಂತಿ ಬೇಕು. ಈ ಲೆಕ್ಕ ಮರೆತು ಟ್ವಿನ್ ಹಾಕಿಸಿದವರು ಮತ್ತೆ ಡಿಶ್‌ವರೆಗೆ ಹೋಗಬೇಕಾಗುತ್ತದೆ. ನನ್ನ ಸಲಹೆ ಇಷ್ಟು: ಇಂದು ಎರಡು ಬಾಕ್ಸ್ ಇದ್ದರೂ ಕ್ವಾಡ್ ಹಾಕಿಸಿ. ಬೆಲೆಯ ಅಂತರ ಸಣ್ಣದು, ಟೆರೇಸಿಗೆ ಮತ್ತೆ ಜನ ಹತ್ತಿಸುವ ಖರ್ಚೇ ದೊಡ್ಡದು. ಕಂಪನಿಗಳು ಬಳಸುವ ಬ್ಯಾಂಡ್‌ಗಳು ಬೇರೆ ಬೇರೆ ಇರುವುದರಿಂದ ಎಲ್‌ಎನ್‌ಬಿಯನ್ನು ಆಯಾ ಸೇವೆಗೆ ಹೊಂದುವುದನ್ನೇ ಕೊಳ್ಳಬೇಕು.

ಇನ್ನೂ ಹೆಚ್ಚು ಬಾಕ್ಸ್‌ಗಳಿಗೆ ಮಲ್ಟಿಸ್ವಿಚ್ ಬೇಕು. ಅದರ ಜೊತೆ ಬರುವುದು ಕ್ವಾಟ್ರೊ ಎಲ್‌ಎನ್‌ಬಿ; ಅದರ ನಾಲ್ಕು ಔಟ್‌ಪುಟ್‌ಗಳಿಂದ ನಾಲ್ಕು ಗುಂಪುಗಳೂ ಸದಾಕಾಲ ಹೊರಬರುತ್ತವೆ, ಆಜ್ಞೆ ಕೇಳುವ ಕೆಲಸ ಸ್ವಿಚ್‌ನದು. ಕ್ವಾಡ್ ಮತ್ತು ಕ್ವಾಟ್ರೊ ನೋಡಲು ಒಂದೇ ತೆರ. ಕ್ವಾಟ್ರೊವನ್ನು ನೇರ ಬಾಕ್ಸ್‌ಗೆ ಜೋಡಿಸಿದರೆ ಕಾಲುಭಾಗ ವಾಹಿನಿಗಳಷ್ಟೇ ಕಾಣುತ್ತವೆ. ಒಂದೇ ತಂತಿಯಲ್ಲಿ ಹಲವು ಬಾಕ್ಸ್ ನಡೆಸುವ ಯೂನಿಕೇಬಲ್ ವಿಧಾನವೂ ಇದೆ. ಪ್ರತಿ ಬಾಕ್ಸ್‌ಗೂ ತಂತಿಯಲ್ಲಿ ಒಂದು ನಿಗದಿತ ಆವರ್ತನ ಕೊಟ್ಟು ಅದಕ್ಕೆ ಬೇಕಾದ ಟ್ರಾನ್ಸ್‌ಪಾಂಡರನ್ನು ಅಲ್ಲಿಗೆ ತಂದಿಡುವುದು ಅದರ ಕ್ರಮ. ಮೊದಲ ಯುರೋಪಿಯನ್ ಮಾನದಂಡದಲ್ಲಿ 8, ಎರಡನೆಯದರಲ್ಲಿ 32 ಬಾಕ್ಸ್‌ಗಳವರೆಗೆ ಅವಕಾಶವಿದೆ. ಆದರೆ ಬಾಕ್ಸ್‌ಗೆ ಆ ಭಾಷೆ ಬರಬೇಕು. ಕೊಳ್ಳುವ ಮೊದಲು ಬಾಕ್ಸ್‌ನ ಸೆಟ್ಟಿಂಗ್‌ನಲ್ಲಿ ಅದಿದೆಯೇ ಎಂದು ನೋಡದೆ ಹಣ ಹಾಕಬಾರದು.

ಎರಡು ಸೇವೆ ಬೇಕೆನ್ನುವ ಮನೆಗಳಿಗೆ ಒಂದು ಅನುಕೂಲ: ಚಂದಾ ಸೇವೆಯಾದ ಸನ್ ಡೈರೆಕ್ಟ್ ಕೂಡ ಫ್ರೀ ಡಿಶ್‌ನಂತೆ ಜಿಸ್ಯಾಟ್-15 ಬಳಸುತ್ತದೆ. ಹಾಗಾಗಿ 93.5 ಡಿಗ್ರಿಗೆ ತಿರುಗಿಸಿದ ಒಂದೇ ಡಿಶ್‌ನಲ್ಲಿ ಟ್ವಿನ್ ಎಲ್‌ಎನ್‌ಬಿ ಇಟ್ಟು, ಹಾಲ್‌ನಲ್ಲಿ ಅದರ ಬಾಕ್ಸ್, ಒಳಗೆ ಚಂದಾ ಇಲ್ಲದ ಫ್ರೀ ಡಿಶ್ ಬಾಕ್ಸ್ ನಡೆಸಬಹುದು. ದೂರದರ್ಶನದ ಕನ್ನಡ ವಾಹಿನಿ ಚಂದನ ಫ್ರೀ ಡಿಶ್‌ನಲ್ಲಿದೆ.

ಕೇಬಲ್ ಮತ್ತು ಜಾಯಿಂಟ್

ಡಿಟಿಎಚ್‌ಗೆ 75 ಓಮ್‌ನ ಆರ್‌ಜಿ-6 ಕೇಬಲ್ ಬಳಕೆಯಲ್ಲಿದೆ. 2,150 ಮೆಗಾಹರ್ಟ್ಜ್‌ನಲ್ಲಿ ಅದು 100 ಮೀಟರಿಗೆ ಸುಮಾರು 30 ಡೆಸಿಬಲ್ ನುಂಗುತ್ತದೆ. ಹಳೆಯ ಕೇಬಲ್ ಟಿವಿಯ ತೆಳು ತಂತಿ ಇನ್ನೂ ಹೆಚ್ಚು ನುಂಗುತ್ತದೆ. ಅದನ್ನೇ ಮರುಬಳಸುವುದು ಬೇಡ. ಮೇಲಿನ ಟೆರೇಸಿನಿಂದ ಕೆಳಮಹಡಿಗೆ 50–60 ಮೀಟರ್ ಇಳಿಯುವ ತಂತಿಗೆ ಇನ್ನೊಂದು ಪರೀಕ್ಷೆ ಇದೆ, ಅದು ವೋಲ್ಟೇಜ್‌ನದು. ನಡುವಿನ ಎಳೆ ಶುದ್ಧ ತಾಮ್ರದ್ದಾದರೆ ಕಿಲೋಮೀಟರಿಗೆ ಸುಮಾರು 21 ಓಮ್ ಪ್ರತಿರೋಧ. ತಾಮ್ರದ ಲೇಪವಿರುವ ಉಕ್ಕಿನದಾದರೆ ಸುಮಾರು ಐದು ಪಟ್ಟು. 60 ಮೀಟರ್ ಉಕ್ಕಿನ ತಂತಿಯಲ್ಲಿ 200 ಮಿಲಿಆಂಪಿಯರ್ ಹರಿದರೆ ಒಂದು ವೋಲ್ಟ್‌ಗೂ ಹೆಚ್ಚು ಕುಸಿಯುತ್ತದೆ. ಜೊತೆಗೆ ತುಕ್ಕು ಹಿಡಿದ ಎರಡು ಜಾಯಿಂಟ್, ಸೋತ ಅಡಾಪ್ಟರ್ ಸೇರಿದರೆ 18 ವೋಲ್ಟ್ ಎಲ್‌ಎನ್‌ಬಿಯನ್ನು ಮುಟ್ಟುವಾಗ 16ಕ್ಕಿಂತ ಕೆಳಗಿರುತ್ತದೆ. ಆಗ ಅದು ಲಂಬದಿಂದ ಅಡ್ಡಕ್ಕೆ ಬದಲಾಗುವುದೇ ಇಲ್ಲ. ಅರ್ಧ ವಾಹಿನಿಗಳು ಸ್ವಚ್ಛವಾಗಿ ಕಂಡು ಉಳಿದರ್ಧ ಪೂರ್ತಿ ಮಾಯವಾಗುವ ಈ ದೋಷಕ್ಕೆ ಡಿಶ್ ತಿರುಗಿಸುವವರಿದ್ದಾರೆ; ಡಿಶ್‌ನ ತಪ್ಪು ಅದರಲ್ಲಿ ಏನೂ ಇರುವುದಿಲ್ಲ. ಮೀಟರ್ ಹಿಡಿದು ಎಲ್‌ಎನ್‌ಬಿಯ ತುದಿಯಲ್ಲಿ ವೋಲ್ಟೇಜ್ ಅಳೆಯುವುದೇ ಸರಿಯಾದ ದಾರಿ.

ವಡಾಲಾದ ಉಪ್ಪಿನಾಗರಗಳು ಮತ್ತು ಖಾಡಿ ಹತ್ತಿರವಿರುವುದರಿಂದ ಇಲ್ಲಿನ ಗಾಳಿಯಲ್ಲಿ ಉಪ್ಪಿದೆ. ಕ್ಲಾಂಪ್, ಬೋಲ್ಟ್, ಎಫ್-ಕನೆಕ್ಟರ್ ಎಲ್ಲಕ್ಕೂ ತುಕ್ಕು ಬೇಗ ಹತ್ತುತ್ತದೆ. ತಿರುಗಿಸಿ ಹಾಕುವ ಕನೆಕ್ಟರ್‌ಗಿಂತ ಒತ್ತಿ ಕೂರಿಸುವ ಕಂಪ್ರೆಶನ್ ಕನೆಕ್ಟರ್ ಲೇಸು. ಎಲ್‌ಎನ್‌ಬಿಯ ಬಳಿ ತಂತಿಯನ್ನು ಒಂದು ಸುತ್ತು ಕೆಳಗೆ ಇಳಿಬಿಟ್ಟು ಮೇಲಕ್ಕೆ ತಂದರೆ ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ. ಒಮ್ಮೆ ನೀರು ಕುಡಿದ ಕೇಬಲ್ ಒಣಗಿದ ಮೇಲೂ ಮೊದಲಿನಂತಾಗುವುದಿಲ್ಲ, ಬದಲಿಸಲೇಬೇಕು.

ಹಲವು ಮನೆಗಳ ಬಾಕ್ಸ್‌ಗಳು ಒಂದೇ ಮಲ್ಟಿಸ್ವಿಚ್‌ಗೆ ಸೇರಿದಾಗ ಎರಡು ಪಿನ್ನಿನ ಅಡಾಪ್ಟರ್‌ಗಳ ಸಣ್ಣ ಸೋರಿಕೆ ವಿದ್ಯುತ್ ಕೂಡುತ್ತ ಹೋಗಿ, ತಂತಿ ಮುಟ್ಟಿದವರಿಗೆ ಜುಮ್ಮೆನ್ನುತ್ತದೆ. ಸ್ವಿಚ್ ಮತ್ತು ಡಿಶ್‌ನ ಕಂಬವನ್ನು ಭೂಸಂಪರ್ಕಕ್ಕೆ ಕಟ್ಟುವುದು ಕಡ್ಡಾಯ ಎಂದೇ ತಿಳಿಯಬೇಕು. ಒದ್ದೆ ಟೆರೇಸಿನಲ್ಲಿ ಕೆಲಸ ಮಾಡುವ ಹುಡುಗರ ಜೀವದ ಪ್ರಶ್ನೆ ಇದು.

ಮಳೆ ಮತ್ತು ಸೂರ್ಯ

ಕೆಯು-ಬ್ಯಾಂಡ್‌ಗೆ ಮಳೆಹನಿ ದೊಡ್ಡ ಶತ್ರು. ಮುಂಬೈಯಲ್ಲಿ ವರ್ಷಕ್ಕೆ 2,000 ಮಿ.ಮೀ.ಗೂ ಹೆಚ್ಚು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಎಚ್‌ಡಿಗೆ ಬಳಸುವ 8ಪಿಎಸ್‌ಕೆ ವಿಧಾನ ಒಂದೇ ಜಾಗದಲ್ಲಿ ಹೆಚ್ಚು ಮಾಹಿತಿ ತುಂಬುತ್ತದೆ, ಅದಕ್ಕೆ ತಕ್ಕಂತೆ ಸ್ವಚ್ಛವಾದ ಸಂಕೇತವನ್ನೂ ಬೇಡುತ್ತದೆ: ಹಳೆಯ ಕ್ಯುಪಿಎಸ್‌ಕೆಗಿಂತ ಎರಡು ಮೂರು ಡೆಸಿಬಲ್ ಹೆಚ್ಚು. ಹಾಗಾಗಿ ಸಾಮಾನ್ಯ ವಾಹಿನಿ ನಡೆಯುತ್ತಿರುವಾಗಲೇ ಎಚ್‌ಡಿ ಚೌಕಚೌಕವಾಗಿ ಒಡೆಯುತ್ತದೆ. 60 ಸೆಂ.ಮೀ. ಡಿಶ್ ಬದಲು 75ರದು ಹಾಕಿದರೆ ಸುಮಾರು 2 ಡೆಸಿಬಲ್, 90ರದು ಹಾಕಿದರೆ 3.5 ಡೆಸಿಬಲ್ ಲಾಭ. ಜೋರು ಮಳೆಯನ್ನು ಇದು ತಡೆಯಲಾರದು, ಸಾಧಾರಣ ಮಳೆಯನ್ನು ತಡೆಯುತ್ತದೆ. ದೊಡ್ಡ ಡಿಶ್‌ನ ಕಿರಣ ಕಿರಿದು. ಗಾಳಿಗೆ ಅಲುಗದಂತೆ ಅದನ್ನು ಗಟ್ಟಿಯಾಗಿ ಕಟ್ಟಬೇಕು. ಮಳೆಗಾಲಕ್ಕೆ ಮೊದಲು, ಮೇ ತಿಂಗಳಲ್ಲಿ, ಬೋಲ್ಟ್ ಬಿಗಿಮಾಡಿ ದಿಕ್ಕು ಮತ್ತೊಮ್ಮೆ ನೋಡುವ ಅಭ್ಯಾಸ ಒಳ್ಳೆಯದು.

ಮಾರ್ಚ್‌ನ ಮೊದಲರ್ಧದಲ್ಲಿ ಮತ್ತು ಅಕ್ಟೋಬರ್‌ನ ಆರಂಭದ ಆಸುಪಾಸಿನಲ್ಲಿ ಸೂರ್ಯ ಉಪಗ್ರಹದ ಹಿಂದೆಯೇ ಹಾದುಹೋಗುತ್ತಾನೆ. ಆಗ ಕೆಲವು ದಿನ, ದಿನಕ್ಕೆ ಕೆಲವು ನಿಮಿಷ ಚಿತ್ರ ಹೋಗುವುದು ಸಹಜ. ಆ ದಿನಗಳಲ್ಲಿ ಯಾರನ್ನೂ ಕರೆಸಬೇಕಿಲ್ಲ.

ಉಪಗ್ರಹವೇ ಕೈಕೊಟ್ಟ ಪ್ರಸಂಗವೂ ಉಂಟು. 2010ರ ಜುಲೈಯಲ್ಲಿ ಇನ್ಸಾಟ್-4ಬಿಯ ಸೌರಫಲಕದ ವಿದ್ಯುತ್ ವ್ಯವಸ್ಥೆ ಕೆಟ್ಟು ಅದರ ಅರ್ಧದಷ್ಟು ಟ್ರಾನ್ಸ್‌ಪಾಂಡರ್‌ಗಳು ನಿಂತವು. ಅದನ್ನು ಬಳಸುತ್ತಿದ್ದ ಸನ್ ಡೈರೆಕ್ಟ್ ತನ್ನ ಸೇವೆಯನ್ನು 91.5 ಡಿಗ್ರಿಯ ಮೀಸ್ಯಾಟ್-3ಕ್ಕೆ ಸಾಗಿಸಬೇಕಾಯಿತು. ಆಕಾಶದಲ್ಲಿ ಎರಡೇ ಡಿಗ್ರಿಯ ಸ್ಥಳಾಂತರಕ್ಕೆ ನೆಲದ ಮೇಲೆ ಗ್ರಾಹಕರ ಡಿಶ್‌ಗಳನ್ನು ಮತ್ತೆ ಹೊಂದಿಸಬೇಕಾಗಿ ಬಂತು.

ಟೆರೇಸ್ ಯಾರದು

ಸಂಗಮ್ ನಗರದಂಥ ಕಡೆ ಪ್ರತಿ ಮನೆಗೂ ತನ್ನದೇ ಚಾವಣಿ, ತನ್ನದೇ ಡಿಶ್. ಗೋಪುರಗಳಲ್ಲಿ ಟೆರೇಸು ಸೊಸೈಟಿಯದು, ಸಿಜಿಎಸ್ ಕಾಲೊನಿಯಲ್ಲಿ ಸರ್ಕಾರದ್ದು. ನೂರು ಮನೆಗೆ ನೂರು ಡಿಶ್, ಪ್ರತಿಯೊಂದಕ್ಕೂ ನೆಲಕ್ಕೆ ನಾಲ್ಕು ರಂಧ್ರ: ಜಲನಿರೋಧಕ ಪದರ ಒಡೆದು ಮೇಲಿನ ಮಹಡಿಯವರ ಮನೆ ಸೋರುತ್ತದೆ. ಸೊಸೈಟಿಗಳು ಡಿಶ್ ಬೇಡವೆನ್ನುವುದಕ್ಕೆ ಇರುವ ನ್ಯಾಯವಾದ ಕಾರಣ ಇದು. ರಂಧ್ರ ಕೊರೆಯದೆ, ಸಿಮೆಂಟ್ ಇಟ್ಟಿಗೆಗಳ ಭಾರದ ಮೇಲೆ ನಿಲ್ಲುವ ಚೌಕಟ್ಟು ಬಳಸಿದರೆ ಈ ಜಗಳವೇ ಇಲ್ಲ.

ಇಂಥ ಕಟ್ಟಡಕ್ಕೆ ನಿಜವಾದ ಉತ್ತರ ಸಾಮೂಹಿಕ ಡಿಶ್. ಪ್ರತಿ ಸೇವೆಗೆ 90 ಸೆಂ.ಮೀ.ನ ಒಂದೊಂದು ಡಿಶ್, ಕ್ವಾಟ್ರೊ ಎಲ್‌ಎನ್‌ಬಿ, ಡಕ್ಟ್‌ನಲ್ಲಿ ಮಹಡಿ ಮಹಡಿಗೆ ಮಲ್ಟಿಸ್ವಿಚ್, ಅಲ್ಲಿಂದ ಮನೆಮನೆಗೆ ಚಿಕ್ಕ ತಂತಿ. ಎತ್ತರದ ಗೋಪುರಗಳಲ್ಲಿ ಎಲ್‌ಎನ್‌ಬಿಯ ಸಂಕೇತವನ್ನು ಬೆಳಕಾಗಿಸಿ ಫೈಬರ್‌ನಲ್ಲಿ ಇಳಿಸುವ ಸಾಧನಗಳೂ ಇವೆ. ಒಂದರಿಂದ 32 ಕಡೆಗೆ ಹಂಚಬಹುದು, ದೂರದಿಂದಾಗುವ ನಷ್ಟ ಲೆಕ್ಕಕ್ಕೇ ಇಲ್ಲ. ಕಟ್ಟಡ ಏಳುವಾಗಲೇ ಡಕ್ಟ್‌ನಲ್ಲಿ ಜಾಗ ಬಿಟ್ಟರೆ ಖರ್ಚು ಕಡಿಮೆ. ಪುನರ್ವಸತಿ ಕಟ್ಟಡಗಳ ನಕ್ಷೆ ಒಪ್ಪುವ ಹಂತದಲ್ಲಿ ನಿವಾಸಿಗಳು ಲಿಫ್ಟು, ನೀರಿನ ಟ್ಯಾಂಕಿನಷ್ಟೇ ಒತ್ತಾಯದಿಂದ ಇದನ್ನೂ ಕೇಳಬೇಕು.

ಚಂದಾ ಮತ್ತು ಇತ್ತೀಚಿನ ಬದಲಾವಣೆ

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ಹೊಸ ದರ ನಿಯಮ 2019ರ ಫೆಬ್ರವರಿಯಲ್ಲಿ ಜಾರಿಗೆ ಬಂದು, 100 ವಾಹಿನಿಗಳಿಗೆ ತಿಂಗಳಿಗೆ 130 ರೂ. ಜಾಲಶುಲ್ಕದ ಮಿತಿ ಹಾಕಿತು. ಅದರ ಲೆಕ್ಕದಲ್ಲಿ ಒಂದು ಎಚ್‌ಡಿ ವಾಹಿನಿ ಎರಡು ಸಾಮಾನ್ಯ ವಾಹಿನಿಗೆ ಸಮ. 2020ರ ತಿದ್ದುಪಡಿ ಅದೇ ಮನೆಯ ಎರಡನೆಯ ಮತ್ತು ನಂತರದ ಟಿವಿಗಳಿಗೆ ಆ ಶುಲ್ಕದ ಶೇಕಡಾ 40ಕ್ಕಿಂತ ಹೆಚ್ಚು ಕೇಳಬಾರದೆಂದಿತು. ಹಲವು ಬಾಕ್ಸ್‌ನ ಮನೆಗಳಿಗೆ ಅದು ದೊಡ್ಡ ಉಪಕಾರ. 2024ರಲ್ಲಿ ಜಾಲಶುಲ್ಕದ ಮಿತಿಯನ್ನು ತೆಗೆದು ಕಂಪನಿಗಳಿಗೇ ಬಿಡಲಾಯಿತು. ಈಗ ಎರಡನೆಯ ಬಾಕ್ಸ್ ತರುವ ಮೊದಲು ಮಲ್ಟಿ ಟಿವಿ ದರ ವಿಚಾರಿಸಬೇಕು. ಎರಡನ್ನೂ ಒಂದೇ ಗ್ರಾಹಕ ಸಂಖ್ಯೆಗೆ ಸೇರಿಸಬೇಕು. ಬೇರೆ ಹೆಸರಿನಲ್ಲಿ ಕೊಂಡರೆ ರಿಯಾಯಿತಿ ಸಿಗುವುದಿಲ್ಲ. ಎಚ್‌ಡಿ ಬಾಕ್ಸ್ ತಂದು ಹಳೆಯ ಹಳದಿ-ಕೆಂಪು-ಬಿಳಿ ತಂತಿಯಲ್ಲೇ ಟಿವಿಗೆ ಜೋಡಿಸಿದವರು ಎಚ್‌ಡಿಯ ಹಣ ಕೊಟ್ಟು ಸಾಮಾನ್ಯ ಚಿತ್ರವನ್ನೇ ನೋಡುತ್ತಾರೆ. ಎಚ್‌ಡಿಎಂಐ ತಂತಿ ಬೇಕೇಬೇಕು.

ದೇಶದ ಸಕ್ರಿಯ ಡಿಟಿಎಚ್ ಚಂದಾದಾರರ ಸಂಖ್ಯೆ 2020ರ ಕೊನೆಗೆ 7 ಕೋಟಿಯ ಆಸುಪಾಸಿನಲ್ಲಿದ್ದದ್ದು 2025ರ ಮಾರ್ಚ್ ಹೊತ್ತಿಗೆ 6 ಕೋಟಿಗಿಂತ ಕೆಳಗಿಳಿಯಿತು. ಫೈಬರ್ ಇಂಟರ್ನೆಟ್ ಬಂದ ಮನೆಗಳು ಒಳಕೋಣೆಯ ಬಾಕ್ಸನ್ನು ಮೊದಲು ಬಿಡುತ್ತಿವೆ. ಹಾಲ್‌ನಲ್ಲಿ ಡಿಶ್, ಕೋಣೆಗಳಲ್ಲಿ ವೈಫೈ ಎಂಬ ಮಿಶ್ರ ಪದ್ಧತಿ ಸಣ್ಣ ಕುಟುಂಬಕ್ಕೆ ಸಾಕು. ಮೂರು ಟಿವಿ ದಿನವಿಡೀ ನಡೆಯುವ, ರಿಮೋಟಿನ ಅಂಕಿ ಒತ್ತಿ ವಾಹಿನಿ ಹಾಕುವ ಹಿರಿಯರಿರುವ ಮನೆಗೆ ಡಿಶ್‌ನ ವ್ಯವಸ್ಥೆ ಇಂದಿಗೂ ಸುಲಭ. ಚಂದಾ ಬಿಟ್ಟವರ ಡಿಶ್, ಕಂಬ, ಕೇಬಲ್‌ಗಳನ್ನು ಕಿತ್ತೆಸೆಯಬೇಕಿಲ್ಲ: 93.5 ಡಿಗ್ರಿಗೆ ತಿರುಗಿಸಿ, ಎಲ್‌ಎನ್‌ಬಿಯನ್ನು ಮತ್ತೆ ಹೊಂದಿಸಿ, ಜಾಯಿಂಟ್‌ಗಳನ್ನು ಹೊಸದಾಗಿ ಹಾಕಿದರೆ ಫ್ರೀ ಡಿಶ್‌ಗೆ ಅವೇ ಆಗುತ್ತವೆ.